ಸ್ಕಾರ್ಲೆಟ್ ನನಗೆ ಯಾಕೆ ಹಿಡಿಸಲಿಲ್ಲ

ಅತ್ತಿಗೆ, ‘ಗಾನ್ ವಿತ್ ದಿ ವಿಂಡ್’ ಮುಗೀತಾ, ಅದರ ನಾಯಕಿ ಸ್ಕಾರ್ಲೆಟ್ ಹೇಗನ್ನಿಸಿದಳು ಅಂತ ಕೇಳಿದ್ದಿರಲ್ಲ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಕೇಳಿ. ನನಗೆ ತುಂಬಾ ಬೇಜಾರಾಯಿತು. 1936ರ ಕಾದಂಬರಿ, ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಬಂದಿದೆ, ನೀವು ಬೇರೆ ಅಷ್ಟು ಹೊಗಳಿದ್ದಿರಿ. ಆಸೆಯಿಂದ ಓದಲು ಕೂತಿದ್ದೆ.

ಅವಳು ಗಟ್ಟಿಗಿತ್ತಿ, ಅದನ್ನು ಒಪ್ಪುತ್ತೇನೆ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ ಅಟ್ಲಾಂಟಾ ನಗರ ಶತ್ರುಗಳ ಕೈಸೇರುವ ಹೊತ್ತಲ್ಲಿ, ಆಗಷ್ಟೇ ಹೆತ್ತ ನಾದಿನಿ ಮೆಲನಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೊರಡುತ್ತಾಳೆ. ಹೊಟ್ಟೆಗಿಲ್ಲದೆ ಮೂಲಂಗಿ ಕಿತ್ತು ತಿನ್ನುವಾಗ ನನಗೂ ಗಂಟಲು ಕಟ್ಟಿತು. ಮನೆ-ಜಮೀನಿನ ತೆರಿಗೆ ಕಟ್ಟಲು 300 ಡಾಲರ್ ಬೇಕು, ದುಡ್ಡಿದ್ದವರ ಹತ್ತಿರ ಕೇಳಲು ಚೆನ್ನಾಗಿ ಕಾಣಬೇಕು ಅಂತ ಅಮ್ಮನ ಹಸಿರು ವೆಲ್ವೆಟ್ ಕರ್ಟನ್ ಬಿಚ್ಚಿ ಗೌನ್ ಹೊಲಿಸಿಕೊಂಡದ್ದೂ ಸರಿ. ಆದರೆ ತಂಗಿಯನ್ನು ಮದುವೆ ಆಗಬೇಕಿದ್ದ ಫ್ರಾಂಕ್ ಹತ್ತಿರ, ಅವಳು ಬೇರೆಯವನನ್ನು ಮದುವೆ ಆಗ್ತಾಳೆ ಅಂತ ಸುಳ್ಳು ಹೇಳಿ ತಾನೇ ಕಟ್ಟಿಕೊಂಡಳಲ್ಲ! ತಂಗಿಯ ಗತಿ ಏನು ಅಂತ ಒಂದು ಗಳಿಗೆಯೂ ಯೋಚನೆ ಇಲ್ಲ. ಪಾಪ, ಮಗ ವೇಡ್ ಹೆದರಿ ಹತ್ತಿರ ಬಂದರೂ ಗದರುತ್ತಾಳೆ.

ಇಷ್ಟನ್ನೂ ಸಹಿಸಿಕೊಂಡೆ. ಅವಳು ನನಗೆ ಪೂರ್ತಿ ಬೇಡವಾದದ್ದು ಅವಳು ನಡೆಸುವ ಸಾ ಮಿಲ್ಲಿನಲ್ಲಿ, ಅಂದರೆ ಮರ ಕೊಯ್ಯುವ ಕಾರ್ಖಾನೆಯಲ್ಲಿ. ಖರ್ಚು ಕಮ್ಮಿ ಅಂತ ಜೈಲಿನ ಕೈದಿಗಳನ್ನು ಬಾಡಿಗೆಗೆ ತಂದು ದುಡಿಸುತ್ತಾಳೆ. ಇದು ಬರೀ ಕಥೆ ಅಂದುಕೊಳ್ಳಬೇಡಿ. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯ 1868ರಿಂದ ನಿಜವಾಗಲೂ ಹೀಗೆ ಕೈದಿಗಳನ್ನು ಕೊಡುತ್ತಿತ್ತು. ಅವರಲ್ಲಿ ಹೆಚ್ಚಿನವರು ಗುಲಾಮಗಿರಿಯಿಂದ ಆಗತಾನೇ ಬಿಡುಗಡೆಯಾಗಿದ್ದ ಕಪ್ಪು ಜನ. ಕಾದಂಬರಿಯಲ್ಲಿ ಮೇಸ್ತ್ರಿ ಅವರಿಗೆ ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲ. ತಾನು ಕೊಟ್ಟ ದಿನಸಿ ಕೈದಿಗಳ ತಟ್ಟೆಗೆ ಬರುತ್ತಿಲ್ಲ ಅಂತ ಸ್ಕಾರ್ಲೆಟ್ ಕಣ್ಣಾರೆ ನೋಡುತ್ತಾಳೆ. ರೇಗುತ್ತಾಳೆ. ಅವನು ಕೆಲಸ ಬಿಟ್ಟರೆ ಅನ್ನುವ ಭಯ ಬಂದ ಕೂಡಲೇ ಸುಮ್ಮನಾಗುತ್ತಾಳೆ. ಲಾಭ ಮಾಡಿಕೊಡುವವನು ಅವನೇ ಅಲ್ವಾ! ಹಸಿವು ಅಂದರೇನು ಅಂತ ಗೊತ್ತಿದ್ದ ಹೆಣ್ಣು ಅತ್ತಿಗೆ ಅವಳು. ಇನ್ನೊಬ್ಬರ ಹಸಿವು ಎದುರಿಗೇ ಇದ್ದಾಗ ಗಾಡಿ ಹತ್ತಿ ಹೊರಟುಬಿಟ್ಟಳು. ಅಲ್ಲಿ ನನಗೆ ನಿಜವಾಗಲೂ ಸಿಟ್ಟು ಬಂತು.

ನಾಯಕಿ ತಪ್ಪು ಮಾಡಲಿ, ಬೇಡ ಅನ್ನಲ್ಲ. ಆದರೆ ಸಾವಿರ ಪುಟದಲ್ಲಿ ಪಕ್ಕದವರ ಮುಖವನ್ನಾದರೂ ನೋಡಬೇಕಲ್ಲ? ಕಷ್ಟದ ಯೋಚನೆ ಬಂದಾಗಲೆಲ್ಲ ‘ನಾಳೆ ನೋಡೋಣ’ ಅಂತಾಳೆ. ಮೆಲನಿ ಎಂಥವಳು ಅಂತ ತಿಳಿಯಲು ಮೆಲನಿ ಸಾಯಬೇಕಾಯಿತು. ಅಷ್ಟರಲ್ಲಿ ಲೇಖಕಿ ಎಷ್ಟು ಕರುಣೆಯಿಂದ ಬರೆದರೂ ನನಗೆ ಸ್ಕಾರ್ಲೆಟ್ ಮೇಲೆ ಕನಿಕರ ಹುಟ್ಟಲಿಲ್ಲ.

ನೀವು ಅವಳಲ್ಲಿ ಏನು ಕಂಡಿರಿ, ಅದನ್ನು ಹೇಳಿ ಅತ್ತಿಗೆ. ಮೆಲನಿ ಬಗ್ಗೆ ಮಾತ್ರ ಫೋನ್ ಮಾಡಿಯೇ ಮಾತಾಡೋಣ.