ರಕ್ತ ತೆಳು ಮಾಡೋ ಅಸಿಟ್ರೋಮ್ ತಗೊಳ್ಳೋರಿಗೆ ಹಲ್ಲಿನ ಬಾವಿಗೆ ಆ್ಯಂಟಿಬಯಾಟಿಕ್: ಡೋಸ್ ಬದಲಾಯಿಸಬೇಕಾ?

ಪ್ರಶ್ನೆ
ಅಮ್ಮನಿಗೆ 64. ಹೃದಯದ ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇದೆ, ಸಂಜೆ ಅಸಿಟ್ರೋಮ್ 2 ಮಿ.ಗ್ರಾಂ. ಕಳೆದ ಐಎನ್‌ಆರ್ (ರಕ್ತ ಎಷ್ಟು ನಿಧಾನ ಹೆಪ್ಪುಗಟ್ಟುತ್ತೆ ಅನ್ನೋ ಪರೀಕ್ಷೆ, ಏರಿದಷ್ಟೂ ರಕ್ತಸ್ರಾವದ ಭಯ) 2.8. ಹಲ್ಲಿನ ಬಾವಿಗೆ ಆಗ್ಮೆಂಟಿನ್ 625, ಮೆಟ್ರೊನಿಡಜೋಲ್ 400, ನೋವಿಗೆ ಅಸೆಕ್ಲೊಫೆನಾಕ್ ಬರೆದಿದ್ದಾರೆ, 5 ದಿನಕ್ಕೆ. ಅಷ್ಟು ದಿನ ಅಸಿಟ್ರೋಮ್ ನಿಲ್ಲಿಸಬೇಕಾ?

ಕೌಂಟರ್ ಹಿಂದಿನವ
ನಿಲ್ಲಿಸಲೇಬೇಡಿ. ಮೈಟ್ರಲ್ ಲೋಹದ ವಾಲ್ವ್‌ಗೆ ಐಎನ್‌ಆರ್ ಸಾಮಾನ್ಯವಾಗಿ 2.5ರಿಂದ 3.5ರ ಒಳಗಿರಬೇಕು. ಅದು ಇಳಿದರೆ ವಾಲ್ವ್ ಮೇಲೇ ರಕ್ತ ಹೆಪ್ಪುಗಟ್ಟಬಹುದು.

ಈ ಚೀಟಿಯಲ್ಲಿ ತಕರಾರಿನ ಮಾತ್ರೆ ಮೆಟ್ರೊನಿಡಜೋಲ್. ಲಿವರ್‌ನಲ್ಲಿ ಅಸಿಟ್ರೋಮನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತೆ, ಹಾಗಾಗಿ ಅದೇ 2 ಮಿ.ಗ್ರಾಂ ಜಾಸ್ತಿ ಕೆಲಸ ಮಾಡಿ ಐಎನ್‌ಆರ್ ಏರುತ್ತೆ. ಸೆಪ್ಟ್ರಾನ್ ಅನ್ನೋ ಆ್ಯಂಟಿಬಯಾಟಿಕ್, ಫಂಗಸ್‌ಗೆ ಕೊಡೋ ಫ್ಲುಕೊನಜೋಲ್ ಕಥೆಯೂ ಇದೇ. ಆಗ್ಮೆಂಟಿನ್ ಅಷ್ಟು ಜೋರಲ್ಲ, ಆದರೂ ಪೂರ್ತಿ ಸಾಧು ಅಂತಲೂ ಅಲ್ಲ. ಆಗ್ಮೆಂಟಿನ್ ಒಂದೇ ಸಾಲದೇ ಅಂತ ಡೆಂಟಿಸ್ಟನ್ನು ಕೇಳಿ, ಎಷ್ಟೋ ಸಲ ಸಾಕಾಗುತ್ತೆ.

ಅಸೆಕ್ಲೊಫೆನಾಕ್ ಅಂತೂ ಕೊಡಲೇಬೇಡಿ. ಹೊಟ್ಟೆಯೊಳಗೆ ರಕ್ತಸ್ರಾವಕ್ಕೆ ಅದೇ ದಾರಿ. ಬದಲಿಗೆ ಪ್ಯಾರಾಸಿಟಮಾಲ್, ಅದೂ ದಿನಕ್ಕೆ 2 ಗ್ರಾಂ ಮೀರದಂತೆ. ಅದಕ್ಕಿಂತ ಹೆಚ್ಚು ನಾಲ್ಕೈದು ದಿನ ತಗೊಂಡರೆ ಅದೂ ಐಎನ್‌ಆರ್ ಏರಿಸುತ್ತೆ. ಸೊಂಟಕ್ಕೆ ಇಂಜೆಕ್ಷನ್ ಬೇಡ, ಸ್ನಾಯುವಿನಲ್ಲಿ ರಕ್ತ ಕಟ್ಟಿಕೊಳ್ಳುತ್ತೆ.

ವಾರ್ಡ್ ಡ್ಯೂಟಿ
ಮೆಟ್ರೊನಿಡಜೋಲ್ ಬೇಕೇ ಬೇಕು ಅಂದರೆ ಶುರು ಮಾಡೋ ಮುಂಚೆಯೇ ಹೃದಯದ ಡಾಕ್ಟರಿಗೆ ಫೋನ್ ಮಾಡಿ. ಅಸಿಟ್ರೋಮ್ ಎಷ್ಟು ಇಳಿಸಬೇಕು ಅನ್ನೋದು ಅವರ ಲೆಕ್ಕ, ಮನೆಯಲ್ಲಿ ಅಂದಾಜಿಗೆ ಅರ್ಧ ಮಾತ್ರೆ ಮಾಡಬೇಡಿ. ಮೂರರಿಂದ ಐದನೇ ದಿನದೊಳಗೆ ಒಂದು ಐಎನ್‌ಆರ್, ಕೋರ್ಸ್ ಮುಗಿದು ಒಂದು ವಾರಕ್ಕೆ ಇನ್ನೊಂದು. ಈ ಎರಡನೆಯದನ್ನೇ ಜನ ಮರೆಯೋದು: ಇಳಿಸಿದ ಡೋಸ್ ಹಾಗೇ ಮುಂದುವರಿದರೆ ಐಎನ್‌ಆರ್ ಕೆಳಗೆ ಬೀಳುತ್ತೆ.

ಹಲ್ಲುನೋವಿಗೆ ಊಟ ಬಿಟ್ಟು ಗಂಜಿಯಲ್ಲೇ ಇದ್ದರೆ ಸೊಪ್ಪಿನ ವಿಟಮಿನ್ ಕೆ ಸಿಗಲ್ಲ, ಅದಕ್ಕೂ ಐಎನ್‌ಆರ್ ಏರುತ್ತೆ. ಭೇದಿಯಾದರೂ ಅಷ್ಟೇ. ಆಗ ಅಂಗಡಿಯಲ್ಲಿ ಕೇಳಿ ಆಫ್ಲಾಕ್ಸಾಸಿನ್-ಆರ್ನಿಡಜೋಲ್ ತರಬೇಡಿ, ಅದು ಮೆಟ್ರೊನಿಡಜೋಲ್‌ನ ಸಂಬಂಧಿಯೇ.

ಮಲ ಟಾರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಒಸಡಿನ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ ರಿಪೋರ್ಟಿಗೆ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಕೌಂಟರ್ ಹಿಂದಿನವ
ರಕ್ತ ತೆಳು ಮಾಡೋ ಬೇರೆ ಮಾತ್ರೆ ತಗೊಂಡು ಇದನ್ನು ಓದುವವರಿಗೆ: ಇಕೋಸ್ಪ್ರಿನ್, ಕ್ಲೊಪಿಡೊಗ್ರೆಲ್‌ಗೆ ಈ ಐಎನ್‌ಆರ್ ಲೆಕ್ಕ ಇಲ್ಲ. ಅಪಿಕ್ಸಬಾನ್, ರಿವರೊಕ್ಸಬಾನ್‌ಗೂ ಇಲ್ಲ, ಆದರೆ ಅವುಗಳ ಜೊತೆ ಕ್ಲಾರಿಥ್ರೊಮೈಸಿನ್ ಅನ್ನೋ ಆ್ಯಂಟಿಬಯಾಟಿಕ್ ಬಂದರೆ, ಅದರಲ್ಲೂ ಕಿಡ್ನಿ ಸೊರಗಿದ್ದರೆ, ಡಾಕ್ಟರನ್ನು ಕೇಳಿ. ಟಿಬಿಯ ರಿಫಾಂಪಿಸಿನ್ ಉಲ್ಟಾ: ಅಸಿಟ್ರೋಮ್, ಅಪಿಕ್ಸಬಾನ್, ರಿವರೊಕ್ಸಬಾನ್ ಮೂರರ ಬಲವನ್ನೂ ಇಳಿಸುತ್ತೆ, ನಿಲ್ಲಿಸಿದ ಮೇಲೂ ವಾರಗಟ್ಟಲೆ ಅದರ ಪರಿಣಾಮ ಉಳಿಯುತ್ತೆ.

ಪ್ರಶ್ನೆ ಕೇಳಿದವರು
ಮೂರನೇ ದಿನ ಭಾನುವಾರ, ಲ್ಯಾಬ್ ಇರಲ್ಲ. ಸೋಮವಾರ ನಡೆಯುತ್ತಾ?

ವಾರ್ಡ್ ಡ್ಯೂಟಿ
ನಡೆಯುತ್ತೆ. ಬೆಳಿಗ್ಗೆಯೇ ರಕ್ತ ಕೊಡಿಸಿ, ಯಾವಾಗಲೂ ಮಾಡಿಸೋ ಲ್ಯಾಬ್‌ನಲ್ಲೇ. ಸಂಜೆ ಮಾತ್ರೆ ನುಂಗೋ ಮುಂಚೆ ರಿಪೋರ್ಟ್ ಡಾಕ್ಟರ ಕಣ್ಣಿಗೆ ಬೀಳಬೇಕು.