ಜಿಮೇಲ್ ನಿಲ್ಲುತ್ತಂತೆ, ಕಾಯಿ ಲೆಕ್ಕ ತಿದ್ದಿದ್ದು ಯಾರಂತೆ?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು 'ಅರಸೀಕೆರೆ ಮನೆ'. 31 ಜನ ಇದ್ದೇವೆ. ಮಾತಾಡುವವರು ಆರು ಜನ, ಜಗಳ ಆಡುವವರೂ ಅವರೇ.

ಭಾನುವಾರ ಬೆಳಿಗ್ಗೆ 6:50ಕ್ಕೆ ಚಿಕ್ಕಮ್ಮ ಒಂದು ಉದ್ದದ ಬರಹ ಹಾಕಿದರು. ಮೇಲೆ ಜೋಡಿ ಬಾಣದ ಗುರುತು. ಅಂದರೆ ಊರೆಲ್ಲ ಸುತ್ತಿ ಬಂದ ಸರಕು. ಟೆಕ್ ಹುಚ್ಚಿನವರು ಯಾರೋ ಒಂದು ತಿಂಗಳು ಬರೀ ಗೂಗಲ್ ಟೂಲ್‌ಗಳಲ್ಲೇ ಕೆಲಸ ಮಾಡಿ ಅನುಭವ ಬರೆದಿದ್ದರು. ಜಿಮೇಲ್, ಡಾಕ್ಸ್, ಶೀಟ್ಸ್, ಕೀಪ್, ಫೋಟೋಸ್. ಹೊಗಳಿಕೆಯೇ ಜಾಸ್ತಿ. ನಡುವೆ ಒಂದು ಪ್ಯಾರಾದಲ್ಲಿ ಮಾತ್ರ ಈ ಕಂಪನಿಗೆ ನಡೆಯುವ ಅಂಗಡಿ ಮುಚ್ಚುವ ಚಾಳಿ ಇದೆ ಅಂತ ದೂರು. 2013ರಲ್ಲಿ ಬ್ಲಾಗು, ಸುದ್ದಿ ಓದುವ ರೀಡರ್, 2014ರಲ್ಲಿ ಗೆಳೆಯರ ತಾಣ ಆರ್ಕುಟ್, 2019ರಲ್ಲಿ ಅಂಥದ್ದೇ ಗೂಗಲ್ ಪ್ಲಸ್.

ಚಿಕ್ಕಮ್ಮನ ಕಣ್ಣಿಗೆ ಬಿದ್ದದ್ದು ಅದೊಂದೇ ಪ್ಯಾರಾ.

ಚಿಕ್ಕಮ್ಮ: ಜಿಮೇಲ್ ನಿಲ್ಲುತ್ತಂತೆ. ಎಲ್ಲರೂ ಫೋಟೋ ಇಳಿಸಿಟ್ಟುಕೊಳ್ಳಿ.

ಸುಮಕ್ಕ: ಚಿಕ್ಕಮ್ಮ, ಎಲ್ಲಿ ಬಂದಿದೆ ಅದು? ಮೂಲ ಕೊಡಿ.

ಸುಮಕ್ಕ ಆಡಿಟ್ ಕೆಲಸದವಳು. ಮದುವೆ ಪತ್ರಿಕೆ ಕೊಟ್ಟರೂ ಮುಹೂರ್ತಕ್ಕೆ ಮೂಲ ಕೇಳುತ್ತಾಳೆ.

ಸುಮಕ್ಕ: ಇದು ಹಳೇ ಸುಳ್ಳು. 2024ರ ಫೆಬ್ರವರಿಯಲ್ಲೂ ಹೀಗೇ ಒಂದು ಚಿತ್ರ ಹರಿದಾಡಿತ್ತು, ಆಗಸ್ಟ್ 1ಕ್ಕೆ ಜಿಮೇಲ್ ಬಂದ್ ಅಂತ. ನಿಧಾನದ ನೆಟ್‌ಗೆ ಅಂತ ಇದ್ದ ಹಳೇ ಸಾದಾ ಎಚ್‌ಟಿಎಂಎಲ್ ನೋಟವನ್ನು ಮಾತ್ರ ತೆಗೆದರು. ಜಿಮೇಲ್ ಎಲ್ಲೂ ಹೋಗಲ್ಲ ಅಂತ ಅವರೇ ಹೇಳಿದರು.

ಚಿಕ್ಕಮ್ಮ: ನನಗೇನು ಗೊತ್ತಮ್ಮ, ಬಂದಿದ್ದನ್ನು ಹಾಕಿದೆ. ನೀನು ಅರಿಶಿನದ ಕಷಾಯದ ವಿಷಯದಲ್ಲೂ ಎಲ್ಲರೆದುರು ಹೀಗೇ ಮಾಡಿದ್ದೆ.

ಅರಿಶಿನದ ಕಷಾಯದ ಜಗಳಕ್ಕೆ ಈಗ ನಾಲ್ಕು ವರ್ಷ. ಅದನ್ನು ಇಲ್ಲಿ ಹೇಳಲು ಹೋದರೆ ಮುಗಿಯಲ್ಲ, ಬಿಡಿ.

ಅಷ್ಟರಲ್ಲಿ ದೊಡ್ಡಪ್ಪ ಎದ್ದರು. ನಿವೃತ್ತ ಹೆಡ್‌ಮಾಸ್ಟರು. ಅವರ ಹೆಸರಿನ ಮುಂದೆ 'ಟೈಪಿಂಗ್' ಅಂತ ಬಂದರೆ ಒಂದು ಲೋಟ ಕಾಫಿ ಮುಗಿಯುವವರೆಗೂ ಹಾಗೇ ಇರುತ್ತದೆ.

ದೊಡ್ಡಪ್ಪ: ಇದಕ್ಕೇ ಹೇಳುವುದು, ಯಂತ್ರವನ್ನು ನಂಬಬೇಡಿ ಅಂತ. ನಮ್ಮ ಅಪ್ಪ 40 ವರ್ಷ ತೋಟದ ಲೆಕ್ಕವನ್ನು ಒಂದೇ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದರು. ಅದು ಯಾವತ್ತಾದರೂ ನಿಂತಿತ್ತಾ? ಚಾರ್ಜ್ ಕೇಳಿತ್ತಾ?

ಸುಮಕ್ಕ: ಗೆದ್ದಲು ತಿಂತು ದೊಡ್ಡಪ್ಪ.

ದೊಡ್ಡಪ್ಪ: ಅರ್ಧ ಮಾತ್ರ.

ಇಲ್ಲಿಗೆ ಪ್ರಕಾಶಣ್ಣ ಬಂದ. ಡಲ್ಲಾಸ್‌ನಲ್ಲಿ ಆಗ ಶನಿವಾರ ರಾತ್ರಿ. ಹಳೇ ನೆನಪು ಉಕ್ಕುವ ಹೊತ್ತು.

ಪ್ರಕಾಶಣ್ಣ: ಆರ್ಕುಟ್ ಅಂದ್ರಾ? ಅಯ್ಯೋ! ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ಸ್ಕ್ರ್ಯಾಪ್ ಬರೆಯುತ್ತಿದ್ದೆವು. ಜಿಮೇಲ್‌ಗೆ ಆಗ ಇನ್ವೈಟ್ ಬೇಕಿತ್ತು, ನೆನಪಿದೆಯಾ? ಹಾಟ್‌ಮೇಲ್ 2 ಎಂಬಿ, ಯಾಹೂ 4 ಎಂಬಿ ಕೊಡುತ್ತಿದ್ದ ಕಾಲದಲ್ಲಿ ಇವರು 1 ಜಿಬಿ ಅಂದರು. ಅದೂ 2004ರ ಏಪ್ರಿಲ್ 1ರಂದು. ಎಷ್ಟೋ ಜನ ಫೂಲ್ ಮಾಡ್ತಿದ್ದಾರೆ ಅಂದುಕೊಂಡಿದ್ದರು.

ಸುಮಕ್ಕ: ನೆನಪಿದೆ. ನಿನ್ನ ಹತ್ತಿರ ಆರು ಇನ್ವೈಟ್ ಇತ್ತು. ಆರೂ ಹಾಸ್ಟೆಲ್ ಹುಡುಗರಿಗೆ ಹೋಯಿತು. ನಾನು ಕೇಳಿದಾಗ ಖಾಲಿ ಅಂದೆ.

ಪ್ರಕಾಶಣ್ಣ: ಇಪ್ಪತ್ತು ವರ್ಷ ಆಯ್ತಲ್ಲೇ!

ಸುಮಕ್ಕ: ಅದಕ್ಕೇ ನನ್ನ ಹೆಸರಿನ ಐಡಿ ಸಿಗಲಿಲ್ಲ. ಇವತ್ತಿಗೂ ಕೊನೆಯಲ್ಲಿ 1979 ಅಂತ ಬರುತ್ತೆ. ಇಡೀ ಆಫೀಸಿಗೆ ನನ್ನ ವಯಸ್ಸು ಗೊತ್ತು.

ಇದಕ್ಕೆ 14 ಜನ ನಗುವ ಮುಖ ಒತ್ತಿದರು. ನನ್ನನ್ನು ಬಿಟ್ಟರೆ ಬರಹ ಓದಿದವರು ಇಷ್ಟು ಹೊತ್ತಿಗೂ ಒಬ್ಬರೂ ಇಲ್ಲ ಅಂತ ನನ್ನ ಅನುಮಾನ.

ರಮೇಶ ಮಾವ ತಮ್ಮ ಪಾಲಿನ ಸೌದೆ ಹಾಕಿದರು. ಅವರು ಮಾತಾಡಿದರೆ ನಾಡು, ನುಡಿ, ಇಲ್ಲವೇ ತೋಟ.

ರಮೇಶ ಮಾವ: ಕನ್ನಡವನ್ನು ಕೊಳಕು ಭಾಷೆ ಅಂತ ತೋರಿಸಿದ ಕಂಪನಿ ಅದು. 2021 ಮರೆತುಹೋಯ್ತಾ ಎಲ್ಲರಿಗೂ?

ಸುಮಕ್ಕ: ಮಾವ, ತೋರಿಸಿದ್ದು ನಿಜ. ಯಾವುದೋ ಸೈಟಿನ ಸಾಲನ್ನು ಹುಡುಕಾಟದ ಯಂತ್ರ ಎತ್ತಿ ಮೇಲೆ ಇಟ್ಟಿತ್ತು. ತೆಗೆದರು, ಕ್ಷಮೆ ಕೇಳಿದರು.

ರಮೇಶ ಮಾವ: ಕ್ಷಮೆ ಕೇಳಿದರೆ ಆಯಿತಾ?

ಸುಮಕ್ಕ: ಇದನ್ನು ಟೈಪ್ ಮಾಡ್ತಿರೋದು ಯಾವ ಕೀಬೋರ್ಡಲ್ಲಿ ಮಾವ? ಗೂಗಲ್‌ನದೇ ಜಿಬೋರ್ಡ್ ಅಲ್ವಾ?

ಮಾವ ಉತ್ತರ ಕೊಡಲಿಲ್ಲ. ಟೈಪ್ ಸಹ ಮಾಡುವುದಿಲ್ಲ ಅವರು, ಮೈಕ್ ಒತ್ತಿ ಹೇಳುತ್ತಾರೆ. ಒಮ್ಮೆ 'ಕೊಬ್ಬರಿ ರೇಟು' ಅಂದದ್ದು 'ಕೊಬ್ಬಿದ ರೇಟು' ಆಗಿ ಬಂದಿತ್ತು. ಆ ವರ್ಷ ಎರಡೂ ಸರಿಯಾಗಿತ್ತು.

ಚಿಕ್ಕಮ್ಮ ಮತ್ತೆ ಕೇಳಿದರು: ಹಾಗಾದರೆ ಫೋಟೋ?

ಸುಮಕ್ಕ: ಫೋಟೋ ಎಲ್ಲೂ ಹೋಗಲ್ಲ. ಆದರೆ ಜಾಗ ಪುಕ್ಕಟೆ ಇರೋದು 15 ಜಿಬಿ. ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಹೊಸ ಫೋಟೋ ಎಲ್ಲಾ ಆ ಲೆಕ್ಕಕ್ಕೇ ಬರುತ್ತೆ. ಈಗ ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ಪೂ ಅದರೊಳಗೇ. ಹೋದ ತಿಂಗಳು ಚಿಕ್ಕಮ್ಮನ ಫೋನ್ ನೋಡಿದೆ, 6 ಜಿಬಿ ಬರೀ ವಾಟ್ಸಾಪ್. ಅದರಲ್ಲಿ ಮುಕ್ಕಾಲು ಭಾಗ ದೊಡ್ಡಪ್ಪನ ಶುಭೋದಯ.

ದೊಡ್ಡಪ್ಪ: ಒಳ್ಳೆಯ ಮಾತಿಗೆ ಜಾಗ ಇಲ್ಲದ ಕಾಲ.

ಇಲ್ಲಿಗೆ ನಾನು ಸುಮ್ನೆ ಇದ್ದಿದ್ದರೆ ಎಲ್ಲರೂ ತಿಂಡಿಗೆ ಹೋಗುತ್ತಿದ್ದರು. ನಾನು ಆ ಬರಹವನ್ನು ಪೂರ್ತಿ ಓದಿದ್ದೆ, ಅದೇ ತಪ್ಪಾಯಿತು. ಅದರಲ್ಲಿ ಲೆಕ್ಕ ಬರೆಯುವ ಶೀಟ್ಸ್ ಬಗ್ಗೆ ಒಂದು ಒಳ್ಳೆಯ ಮಾತಿತ್ತು. ಕಂಪ್ಯೂಟರಿನಲ್ಲಿ ಯಾವುದೇ ಚೌಕದ ಮೇಲೆ ಬಲಗುಂಡಿ ಒತ್ತಿ ಎಡಿಟ್ ಹಿಸ್ಟರಿ ಕೇಳಿದರೆ, ಅಲ್ಲಿ ಮೊದಲು ಏನಿತ್ತು, ಯಾರು ಯಾವಾಗ ಬದಲಿಸಿದರು ಎಂದು ತೋರಿಸುತ್ತದೆ. ಬರೆದವರಿಗೆ ಇಡೀ ತಿಂಗಳಲ್ಲಿ ಬಹಳ ಹಿಡಿಸಿದ್ದು ಅದೇ. ನನಗೂ ಹಿಡಿಸಿತು. ಗುಂಪಿನಲ್ಲಿ ಹೇಳಿಬಿಟ್ಟೆ.

ಎರಡು ನಿಮಿಷ ಯಾರೂ ಏನೂ ಬರೆಯಲಿಲ್ಲ.

ನಮ್ಮ ತೋಟದ ಲೆಕ್ಕ ಇರುವುದು ಶೀಟ್ಸ್‌ನಲ್ಲಿ. ಕೆಂಪು ಪುಸ್ತಕ ಹೋದ ಮೇಲೆ ಸುಮಕ್ಕನೇ ಮಾಡಿದ್ದು. ಪ್ರತಿ ಸಲ ಎಷ್ಟು ಕಾಯಿ ಕೆಡವಿಸಿದೆವು, ಅಟ್ಟಕ್ಕೆ ಎಷ್ಟು ಹೋಯಿತು, ಕೊಬ್ಬರಿ ತಿಪಟೂರಿಗೆ ಯಾವಾಗ ಹೋಯಿತು, ಯಾರ ಭಾಗಕ್ಕೆ ಎಷ್ಟು. ಆಗಸ್ಟಿನ ಕಾಯಿ 2,400 ಅಂತ ಮಾವ ಫೋನಿನಲ್ಲಿ ಹೇಳಿದ್ದರು. ಶೀಟಿನಲ್ಲಿ 2,040 ಇತ್ತು. ಮಿಕ್ಕ 360 ಕಾಯಿ ಎಲ್ಲಿ ಎಂಬುದು ದೀಪಾವಳಿಯಲ್ಲಿ ಯಾರೂ ಬಾಯಿಬಿಟ್ಟು ಕೇಳದ, ಎಲ್ಲರೂ ಒಬ್ಬಟ್ಟಿನ ಜೊತೆ ನುಂಗಿಕೊಂಡ ಪ್ರಶ್ನೆ.

8:05ಕ್ಕೆ ಸುಮಕ್ಕ ಸ್ಕ್ರೀನ್‌ಶಾಟ್ ಹಾಕಿದಳು. ಆಗಸ್ಟ್ 14, ರಾತ್ರಿ 11:42. ಹಳೆಯದು 2,400, ಹೊಸದು 2,040. ಮೇಲೆ ದೊಡ್ಡಪ್ಪನ ಹೆಸರು, ಪಕ್ಕದಲ್ಲಿ ಅವರ ಸನ್ಮಾನದ ಶಾಲು ಹೊದ್ದ ಚಿಕ್ಕ ಫೋಟೋ.

ರಮೇಶ ಮಾವ: ಮೂರು ತಿಂಗಳಿಂದ ನನ್ನನ್ನು ಕಳ್ಳನ ಥರ ನೋಡಿದಿರಿ. ಈಗ ಹೇಳಿ.

ದೊಡ್ಡಪ್ಪ: ರಾತ್ರಿ 11:42ಕ್ಕೆ ನಾನು ಎದ್ದಿದ್ದು ಪ್ರಕಾಶನ ಮದುವೆಯಲ್ಲೇ ಕೊನೆ. ಖಾತೆ ನನ್ನದಿರಬಹುದು, ಕೈ ನನ್ನದಲ್ಲ.

ಇದು ನಿಜ ಇದ್ದರೂ ಇರಬಹುದು. ಅವರ ಖಾತೆ ನಡುಮನೆಯ ಟ್ಯಾಬ್‌ನಲ್ಲಿ ಯಾವಾಗಲೂ ತೆರೆದೇ ಇರುತ್ತದೆ. ಪಾಸ್‌ವರ್ಡ್ ಅನ್ನು ಅವರೇ ಕ್ಯಾಲೆಂಡರ್ ಮೇಲೆ ಕೆಂಪು ಶಾಯಿಯಲ್ಲಿ ಬರೆದು ನೇತುಹಾಕಿದ್ದಾರೆ. ಮರುದಿನ ಸ್ವಾತಂತ್ರ್ಯ ದಿನದ ರಜೆ ಅಂತ ಆ ರಾತ್ರಿ ಮನೆಯಲ್ಲಿ ಹದಿನಾಲ್ಕು ಜನ ಮಲಗಿದ್ದೆವು. ನಾನೂ ಇದ್ದೆ, ಹೇಳಿಬಿಡುತ್ತೇನೆ.

ಪ್ರಕಾಶಣ್ಣ: ಸದ್ಯ ನಾನು ಡಲ್ಲಾಸ್‌ನಲ್ಲಿದ್ದೆ.

ಸುಮಕ್ಕ: ಶೀಟ್ ಅಲ್ಲಿಂದಲೂ ತೆರೆಯುತ್ತೆ.

ಪ್ರಕಾಶಣ್ಣ ಗುಂಪು ಬಿಟ್ಟ. ಅತ್ತೆ ಅವನನ್ನು ಮತ್ತೆ ಸೇರಿಸಿದರು. ಇದು ಈ ವರ್ಷದಲ್ಲಿ ಮೂರನೇ ಸಲ.

ಮಧ್ಯಾಹ್ನ ಒಂದೂವರೆಗೆ ದೊಡ್ಡಪ್ಪ ಹಾಸನದ ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಕೂತ ಫೋಟೋ ಬಂತು. ಎಲೆ ತುಂಬಾ ಬಡಿಸಿತ್ತು. ಫೋನು ಎಲ್ಲೂ ಕಾಣಲಿಲ್ಲ, ಬಲಗೈ ಅನ್ನದಲ್ಲಿತ್ತು. ಸುಮ್ನೆ ಕುತೂಹಲಕ್ಕೆ ಶೀಟ್ ತೆರೆದೆ. ಆಗಸ್ಟಿನ ಚೌಕದಲ್ಲಿ ಮತ್ತೆ 2,400. ಬದಲಾಗಿದ್ದು 1:27ಕ್ಕೆ, ದೊಡ್ಡಪ್ಪನ ಹೆಸರಿನಲ್ಲೇ.

ಗುಂಪಿನಲ್ಲಿ ಹೇಳೋಣ ಅಂತ ಹೋದೆ. ಅಷ್ಟರಲ್ಲಿ ಚಿಕ್ಕಮ್ಮ ಅದೇ ಬರಹವನ್ನು ಇನ್ನೊಮ್ಮೆ ಹಾಕಿದ್ದರು. ಬೇರೆ ಗುಂಪಿನಿಂದ ಬಂತಂತೆ.