ಸಹಾಯ ಬೇಕು: ಚೆಸ್ ಬೋರ್ಡಿನ ಒಗಟು, ಮತ್ತು ಅಂಥವೇ ಇನ್ನಷ್ಟು

ನಮಸ್ಕಾರ. ನಮ್ಮ ಬೀದಿಯ ಐದು-ಆರನೇ ಕ್ಲಾಸಿನ ಮಕ್ಕಳಿಗೆ ಭಾನುವಾರ ಸುಮ್ನೆ ಗಣಿತದ ಒಗಟು ಕೊಡುತ್ತಿರುತ್ತೇನೆ. ಹೋದ ವಾರ ಚೆಸ್ ಬೋರ್ಡಿನದು ಕೊಟ್ಟೆ. 64 ಮನೆಗಳಲ್ಲಿ ಕರ್ಣದ ಎರಡು ತುದಿಯ ಮೂಲೆ ಮನೆ ತೆಗೆಯಬೇಕು. ಉಳಿದ 62ನ್ನು, ಅಕ್ಕಪಕ್ಕದ ಎರಡೆರಡು ಮನೆ ಮುಚ್ಚುವ 31 ಚೀಟಿಗಳಿಂದ ಮುಚ್ಚಬಹುದಾ? ಆಗಲ್ಲ. ತೆಗೆದ ಎರಡೂ ಒಂದೇ ಬಣ್ಣದವು. ಉಳಿದಿದ್ದು ಒಂದು ಬಣ್ಣದ್ದು 32, ಇನ್ನೊಂದರದ್ದು 30. ಚೀಟಿ ಮಾತ್ರ ಎಲ್ಲಿಟ್ಟರೂ ಒಂದು ಕಪ್ಪು, ಒಂದು ಬಿಳಿ ಮನೆಯನ್ನೇ ಮುಚ್ಚುತ್ತದೆ.

ಆಗ ಒಬ್ಬಳು ಕೇಳಿದಳು: "ಒಂದು ಕಪ್ಪು, ಒಂದು ಬಿಳಿ ತೆಗೆದರೆ ಯಾವಾಗಲೂ ಆಗುತ್ತಾ ಅಂಕಲ್?" ಒಳ್ಳೇ ಪ್ರಶ್ನೆ ಅಲ್ವಾ! ಆಗುತ್ತದೆ. ಎಲ್ಲ ಮನೆಗಳನ್ನೂ ಒಂದೊಂದೇ ಸಲ ಹಾದು, ಹೊರಟಲ್ಲಿಗೇ ಬರುವ ದಾರಿ ಎಳೆದರೆ ಕಾರಣ ಕಾಣುತ್ತದೆ. ಆದರೆ ಇದನ್ನು ನಾನು ಹೇಳದೆ ಮಕ್ಕಳೇ ಕಂಡುಕೊಳ್ಳುವ ಹಾಗೆ ಮಾಡುವುದು ಹೇಗೆ? 4×4 ಬೋರ್ಡಿನಿಂದ ಶುರು ಮಾಡಲಾ? ಮೇಷ್ಟ್ರುಗಳು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಾಗೇ ಲೆಕ್ಕ ಕಡಿಮೆ, ಯೋಚನೆ ಜಾಸ್ತಿ ಇರುವ ಒಗಟು ಇದ್ದರೆ ಕಳಿಸಿ. ಹುಲಿ-ಹಸು-ಹುಲ್ಲಿನ ದೋಣಿ, ಕೋನಿಗ್ಸ್‌ಬರ್ಗ್ ಊರಿನ 7 ಸೇತುವೆಗಳನ್ನು ಒಂದೊಂದೇ ಸಲ ದಾಟುವ ಒಗಟು ಮುಗಿದಿವೆ. ಅಪ್ಪ-ಮಗನ ವಯಸ್ಸಿನ ಲೆಕ್ಕ ಬೇಡ, ಪರೀಕ್ಷೆಯ ವಾಸನೆ ಬರುತ್ತದೆ. ಉತ್ತರ ಮಾತ್ರ ನನಗೆ ಬೇರೆಯಾಗಿ ಕಳಿಸಿ, ಇಲ್ಲಿ ಮಕ್ಕಳೂ ಇಣುಕುತ್ತಾರೆ.